ತೆಳು ಪದರಗಳ ನಡುವೆ ದಾಟುವುದು ಬೆಳಕೋ, ಶಕ್ತಿಯೋ?

ಪ್ರಶ್ನೆ: ಪಾಲಿಮರ್ ಪದರಗಳನ್ನು ಒಂದರ ಮೇಲೊಂದು ಕೂರಿಸಿದ ಅತಿ ತೆಳುವಾದ ಫಿಲ್ಮಿನಲ್ಲಿ ಬೆಳಕು ಹೀರಿ ಬೇರೆ ಬಣ್ಣದಲ್ಲಿ ಹೊಳೆಯುವ ಎರಡು ವಸ್ತುಗಳಲ್ಲಿ ಫ್ಲೋರೆಸೀನ್ ಒಂದು ಪದರದಲ್ಲೂ ರೊಡಮಿನ್ ಇನ್ನೊಂದು ಪದರದಲ್ಲೂ ಇವೆ. ನೀಲಿ ಬೆಳಕು ಹಾಯಿಸಿದರೆ ಫ್ಲೋರೆಸೀನಿನ ಹಸಿರು ಮಂಕಾಗಿ ರೊಡಮಿನ್ನಿನ ಕಿತ್ತಳೆ ಹೊಳೆಯುತ್ತದೆ. ಮೊದಲನೆಯದು ಹೊರಬಿಟ್ಟ ಬೆಳಕನ್ನು ಎರಡನೆಯದು ಹೀರಿಕೊಂಡಿತು ಎಂದರೆ ಸಾಲದೇ?

ಉತ್ತರ: ಸಾಲದು. ಒಂದು ಸೆಂಟಿಮೀಟರ್ ದಪ್ಪದ ದ್ರಾವಣದಲ್ಲಿ ನೀವು ಹೇಳಿದ್ದು ಖಂಡಿತ ನಡೆಯುತ್ತದೆ. ಆದರೆ ಒಂದೇ ಅಣುವಿನಷ್ಟು ದಪ್ಪದ ಬಣ್ಣದ ಪದರವು, ತನಗೆ ಅತ್ಯಂತ ಒಗ್ಗುವ ತರಂಗಾಂತರದಲ್ಲಿಯೂ, ತನ್ನ ಮೂಲಕ ಹಾಯುವ ಬೆಳಕಿನಲ್ಲಿ ಶೇಕಡಾ ಕೆಲವು ಪಾಲನ್ನಷ್ಟೇ ಹೀರಬಲ್ಲದು; ಉಳಿದದ್ದು ನೇರವಾಗಿ ಹೊರಗೆ ಹೋಗುತ್ತದೆ. ಬರೀ ಬೆಳಕಿನ ವಿನಿಮಯವೇ ಆಗಿದ್ದರೆ ಹಸಿರು ಅಷ್ಟೊಂದು ಮಂಕಾಗಲು ಕಾರಣವೇ ಇರುತ್ತಿರಲಿಲ್ಲ.

ಇಲ್ಲಿ ನಡೆಯುವುದನ್ನು ಜರ್ಮನಿಯ ವಿಜ್ಞಾನಿ ಥಿಯೊಡೋರ್ ಫರ್ಸ್ಟರ್ 1940ರ ದಶಕದಲ್ಲಿ ಸಿದ್ಧಾಂತವಾಗಿ ರೂಪಿಸಿದರು. ಬೆಳಕು ಹೀರಿ ಉದ್ರೇಕಗೊಂಡ ದಾನಿ ಅಣುವಿನ (ಇಲ್ಲಿ ಫ್ಲೋರೆಸೀನ್) ವಿದ್ಯುತ್ ದ್ವಿಧ್ರುವದ, ಅಂದರೆ ಧನ–ಋಣ ಆವೇಶಗಳ ಜೋಡಿಯ, ಕಂಪನಕ್ಕೆ ಹತ್ತಿರದ ಸ್ವೀಕಾರಕ ಅಣು (ಇಲ್ಲಿ ರೊಡಮಿನ್) ಅನುರಣಿಸಿ, ಫೋಟಾನ್ (ಬೆಳಕಿನ ಕಣ) ಹುಟ್ಟುವ ಮೊದಲೇ ಶಕ್ತಿಯನ್ನು ತನ್ನದಾಗಿಸಿಕೊಳ್ಳುತ್ತದೆ. ಇದಕ್ಕೆ ದಾನಿ ಸೂಸುವ ರೋಹಿತವೂ (ತರಂಗಾಂತರಗಳ ಹರವು) ಸ್ವೀಕಾರಕ ಹೀರುವ ರೋಹಿತವೂ ಒಂದರ ಮೇಲೊಂದು ಬೀಳಬೇಕು. ಎರಡರ ದ್ವಿಧ್ರುವಗಳ ದಿಕ್ಕುಗಳೂ ಪರಸ್ಪರ ಅನುಕೂಲವಾಗಿರಬೇಕು. ಎಲ್ಲಕ್ಕಿಂತ ಕಟ್ಟುನಿಟ್ಟಾದ ಷರತ್ತು ದೂರದ್ದು: ಎರಡು ಅಣುಗಳ ನಡುವಿನ ವರ್ಗಾವಣೆಯ ವೇಗ ದೂರದ ಆರನೇ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ. ಅರ್ಧದಷ್ಟು ಶಕ್ತಿ ದಾಟುವ ದೂರ 5 ನ್ಯಾನೋಮೀಟರ್ ಎಂದಿಟ್ಟುಕೊಂಡರೆ, ಅಣುಗಳು 2.5 ನ್ಯಾನೋಮೀಟರ್ ಅಂತರದಲ್ಲಿದ್ದಾಗ ಶೇ. 98ಕ್ಕೂ ಹೆಚ್ಚು ದಾಟುತ್ತದೆ, 10 ನ್ಯಾನೋಮೀಟರ್ ಅಂತರದಲ್ಲಿ ಶೇ. 2ರಷ್ಟೂ ದಾಟುವುದಿಲ್ಲ.

ಪದರಗಳ ವಿಷಯಕ್ಕೆ ಬಂದರೆ ಲೆಕ್ಕ ತುಸು ಬದಲಾಗುತ್ತದೆ. ದಾನಿಯ ಎದುರಿಗಿರುವುದು ಒಂಟಿ ಸ್ವೀಕಾರಕವಲ್ಲ, ಒಂದು ಇಡೀ ಹಾಸು. ಪದರ ದೂರ ಸರಿದಂತೆ ಪ್ರತಿ ಅಣುವಿನ ಸೆಳೆತ ಕುಗ್ಗಿದರೂ ಪರಿಣಾಮ ಬೀರುವ ಅಣುಗಳ ಸಂಖ್ಯೆ ಹೆಚ್ಚುವುದರಿಂದ, ಒಟ್ಟು ವೇಗ ದೂರದ ನಾಲ್ಕನೇ ಘಾತದಂತೆ ಇಳಿಯುತ್ತದೆ. ರಸಾಯನ ವಿಜ್ಞಾನಿ ಹ್ಯಾನ್ಸ್ ಕೂನ್ ಮತ್ತು ಸಂಗಡಿಗರು 1960ರ ದಶಕದಲ್ಲಿ, ನೀರಿನ ಮೇಲೆ ಹರಡಿದ ಒಂದಣು ದಪ್ಪದ ಪದರವನ್ನು ಗಾಜಿನ ಮೇಲೆ ಎತ್ತಿಕೊಳ್ಳುವ ಲಾಂಗ್‌ಮ್ಯೂರ್–ಬ್ಲಾಜೆಟ್ ವಿಧಾನದಿಂದ ಕೂರಿಸಿದ ಕೊಬ್ಬಿನಾಮ್ಲದ ಪದರಗಳನ್ನು ಬಣ್ಣಗಳ ನಡುವೆ ಅಂತರಕ್ಕಾಗಿ ಇಟ್ಟು, ಇಂಥ ವರ್ಗಾವಣೆಯನ್ನು ಅಳೆದು ತೋರಿಸಿದರು.

ಪಾಲಿಮರ್ ಫಿಲ್ಮುಗಳನ್ನು ಸಾಮಾನ್ಯವಾಗಿ ರಸಾಯನ ವಿಜ್ಞಾನಿ ಗೆರೊ ಡೆಕರ್ 1990ರ ದಶಕದ ಆರಂಭದಲ್ಲಿ ಬಳಕೆಗೆ ತಂದ ವಿಧಾನದಲ್ಲಿ ಕಟ್ಟುತ್ತಾರೆ. ಋಣಾವೇಶವುಳ್ಳ ಗಾಜಿನ ತುಂಡನ್ನು ಧನಾವೇಶದ ಪಾಲಿಮರ್ ದ್ರಾವಣದಲ್ಲಿ ಕೆಲವು ನಿಮಿಷ ಮುಳುಗಿಸಿ, ನೀರಿನಲ್ಲಿ ತೊಳೆದು, ಬಳಿಕ ಋಣಾವೇಶದ ಪಾಲಿಮರಿನಲ್ಲಿ ಮುಳುಗಿಸುತ್ತಾರೆ. ಪ್ರತಿ ಬಾರಿಯೂ ಮೇಲ್ಮೈಯ ಆವೇಶ ತಿರುಗುಮುರುಗಾಗುವುದರಿಂದ ಮುಂದಿನ ಪದರ ತಾನಾಗಿ ಅಂಟುತ್ತದೆ. ದ್ರಾವಣಕ್ಕೆ ಉಪ್ಪು ಬೆರೆಸಿದರೆ ಸರಪಳಿಗಳು ಸುರುಳಿಗೊಂಡು ಕೂರುತ್ತವೆ, ಪದರ ದಪ್ಪವಾಗುತ್ತದೆ. ವಿಧಾನ ಅಗ್ಗ, ಸರಳ. ಆದರೆ ಪದರಗಳು ಪುಸ್ತಕದ ಹಾಳೆಗಳಂತೆ ಬೇರೆ ಬೇರೆಯಾಗಿ ಉಳಿಯುವುದಿಲ್ಲ. ನೆರೆಯ ಪದರಗಳ ಸರಪಳಿಗಳು ಒಂದರೊಳಗೊಂದು ನುಗ್ಗಿರುತ್ತವೆ, ಹಾಗಾಗಿ ಲೆಕ್ಕದಲ್ಲಿ ದೂರವಿರಬೇಕಾದ ಕೆಲವು ಅಣುಗಳು ವಾಸ್ತವದಲ್ಲಿ ಅಕ್ಕಪಕ್ಕದಲ್ಲೇ ಇರುತ್ತವೆ. ನಾಲ್ಕನೇ ಘಾತದ ಸೂತ್ರವನ್ನು ಇಂಥ ಫಿಲ್ಮಿಗೆ ಯಥಾವತ್ತಾಗಿ ಅನ್ವಯಿಸಿ ದಶಾಂಶದವರೆಗೆ ದೂರ ಹೇಳುವುದು, ನನ್ನ ಅಭಿಪ್ರಾಯದಲ್ಲಿ, ಅತಿಯಾದ ಧೈರ್ಯ.

ಹಾಗಾದರೆ ವರ್ಗಾವಣೆಯೇ ಆಗಿದೆ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ? ಹಸಿರು ಮಂಕಾಗಿದೆ ಎಂಬುದೊಂದೇ ಸಾಕ್ಷ್ಯವಾಗದು. ಫ್ಲೋರೆಸೀನ್ ಅಣುಗಳು ಒತ್ತೊತ್ತಾಗಿ ಕುಳಿತರೆ ಸ್ವೀಕಾರಕವಿಲ್ಲದೆಯೂ ಮಂಕಾಗುತ್ತವೆ. ಆದ್ದರಿಂದ ದಾನಿ ಮಾತ್ರ ಇರುವ ಫಿಲ್ಮನ್ನೂ, ನೀಲಿ ಬೆಳಕು ರೊಡಮಿನ್ನನ್ನು ನೇರವಾಗಿ ಎಷ್ಟು ಉದ್ರೇಕಿಸುತ್ತದೆ ಎಂದು ತಿಳಿಯಲು ಸ್ವೀಕಾರಕ ಮಾತ್ರ ಇರುವ ಫಿಲ್ಮನ್ನೂ ಜೊತೆಗೆ ಅಳೆಯಬೇಕು. ನಿರ್ಣಾಯಕವಾದದ್ದು ಆಯಸ್ಸಿನ ಅಳತೆ. ದ್ರಾವಣದಲ್ಲಿ ಫ್ಲೋರೆಸೀನಿನ ಉದ್ರೇಕಿತ ಸ್ಥಿತಿ ಸುಮಾರು 4 ನ್ಯಾನೋಸೆಕೆಂಡ್ ಬಾಳುತ್ತದೆ. ಹೊರಟ ಬೆಳಕನ್ನು ಬೇರೊಂದು ಅಣು ಹೀರಿದರೆ ದಾನಿಯ ಆಯಸ್ಸಿಗೆ ಅದರಿಂದ ಏನೂ ಆಗದು, ಏಕೆಂದರೆ ಆ ಹೊತ್ತಿಗೆ ದಾನಿಯ ಕೆಲಸ ಮುಗಿದಿರುತ್ತದೆ. ಶಕ್ತಿ ಅನುರಣನದಿಂದ ದಾಟಿದರೆ ಮಾತ್ರ ಆಯಸ್ಸು ಕಡಿಮೆಯಾಗುತ್ತದೆ. ದಾನಿಯೊಂದೇ ಇರುವ ಫಿಲ್ಮಿಗೆ ಹೋಲಿಸಿದಾಗ ಆಯಸ್ಸು ಕುಗ್ಗಿದ್ದು, ಕಿತ್ತಳೆ ಬೆಳಕಿನ ಉದ್ರೇಕ ರೋಹಿತದಲ್ಲಿ (ಯಾವ ತರಂಗಾಂತರದ ಬೆಳಕು ಹಾಯಿಸಿದರೆ ಕಿತ್ತಳೆ ಎಷ್ಟು ಹೊಳೆಯುತ್ತದೆ ಎಂಬ ನಕ್ಷೆಯಲ್ಲಿ) ಫ್ಲೋರೆಸೀನಿನ 490 ನ್ಯಾನೋಮೀಟರ್ ಆಸುಪಾಸಿನ ಶೃಂಗವೂ ಮೂಡಿದ್ದರೆ, ನಿಮ್ಮ ಫಿಲ್ಮಿನಲ್ಲಿ ಶಕ್ತಿ ಬೆಳಕಾಗದೆಯೇ ದಾಟಿದೆ.