ಬಾಸ್ ರಜೆ ಹಾಕಿದ ದಿನ ಕೆಲಸ ಯಾಕೆ ನಿಲ್ಲುತ್ತದೆ?

ಬಾಸ್ ರಜೆ ಹಾಕಿದರೆ ಕೆಲವು ಆಫೀಸುಗಳಲ್ಲಿ ಒಂದು ಫೈಲೂ ಅಲ್ಲಾಡುವುದಿಲ್ಲ. ಇನ್ನು ಕೆಲವು ಕಡೆ ಅವರು ಬಂದಿಲ್ಲ ಅನ್ನುವುದೇ ಗೊತ್ತಾಗುವುದಿಲ್ಲ. ನಾಯಕತ್ವದ ಸಿದ್ಧಾಂತಗಳನ್ನು ತೂಗಿ ನೋಡಲು ನನಗೆ ಇದಕ್ಕಿಂತ ಒಳ್ಳೆಯ ತಕ್ಕಡಿ ಸಿಕ್ಕಿಲ್ಲ.

ಮೊದಮೊದಲು ಎಲ್ಲರೂ ಕೇಳುತ್ತಿದ್ದದ್ದು ‘ನಾಯಕ ಯಾರು’ ಅಂತ. ಚರಿತ್ರೆ ಅಂದರೆ ಮಹಾಪುರುಷರ ಕಥೆ ಅಂತ 1840ರ ಉಪನ್ಯಾಸಗಳಲ್ಲಿ ಸ್ಕಾಟ್ಲೆಂಡಿನ ಲೇಖಕ ಥಾಮಸ್ ಕಾರ್ಲೈಲ್ ಸಾರಿದ್ದರು. ಆಮೇಲೆ ಸಂಶೋಧಕರು ನಾಯಕನ ಗುಣಗಳನ್ನು ಪಟ್ಟಿ ಮಾಡುತ್ತಾ ಹೋದರು. 1948ರಲ್ಲಿ ಅಮೆರಿಕದ ಸಂಶೋಧಕ ರಾಲ್ಫ್ ಸ್ಟಾಗ್‌ಡಿಲ್ ಅಂಥ 124 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಬರೀ ಗುಣಗಳಿಂದ ಯಾರೂ ನಾಯಕರಾಗುವುದಿಲ್ಲ, ಸಂದರ್ಭವೂ ಬೇಕು ಅಂದರು.

ಅಷ್ಟರಲ್ಲಿ ಮನಃಶಾಸ್ತ್ರಜ್ಞ ಕರ್ಟ್ ಲೆವಿನ್ ಪ್ರಶ್ನೆಯನ್ನೇ ಬದಲಿಸಿದ್ದರು: ನಾಯಕ ಯಾರು ಅಂತಲ್ಲ, ನಾಯಕ ಹೇಗೆ ನಡೆದುಕೊಳ್ಳುತ್ತಾನೆ ಅಂತ. ಅವರು ನಾಜಿ ಜರ್ಮನಿ ಬಿಟ್ಟು ಅಮೆರಿಕ ಸೇರಿದವರು. ಸರ್ವಾಧಿಕಾರ ಅವರಿಗೆ ಬರೀ ಪುಸ್ತಕದ ವಿಷಯ ಆಗಿರಲಿಲ್ಲ. 1930ರ ದಶಕದ ಕೊನೆಯಲ್ಲಿ ಅಲ್ಲಿನ ಅಯೋವಾ ರಾಜ್ಯದಲ್ಲಿ ಲಿಪಿಟ್ ಮತ್ತು ವೈಟ್ ಅನ್ನುವ ಸಂಶೋಧಕರ ಜೊತೆ ಸೇರಿ ಹತ್ತು ವರ್ಷದ ಹುಡುಗರ ಗುಂಪುಗಳನ್ನು ಕಟ್ಟಿದರು. ಮುಖವಾಡ ಮಾಡುವಂಥ ಕೆಲಸ ಕೊಟ್ಟರು. ಒಂದು ಕಡೆ ನಾಯಕನದೇ ಹುಕುಂ, ಮುಂದಿನ ಹೆಜ್ಜೆ ಏನು ಅಂತಲೂ ಹುಡುಗರಿಗೆ ಗೊತ್ತಿಲ್ಲ. ಇನ್ನೊಂದು ಕಡೆ ಎಲ್ಲರೂ ಕೂತು ಮಾತಾಡಿ ತೀರ್ಮಾನ. ಮೂರನೆಯ ಕಡೆ ನಾಯಕ ಸುಮ್ನೆ ಬಿಟ್ಟುಬಿಡುತ್ತಿದ್ದ. ನಡುವೆ ನಾಯಕ ಬೇಕಂತಲೇ ಕೋಣೆಯಿಂದ ಎದ್ದು ಹೋಗುತ್ತಿದ್ದ. ಆಗ ಹುಕುಂ ಗುಂಪಿನಲ್ಲಿ ಕೆಲಸ ಥಟ್ಟನೆ ಕುಸಿಯುತ್ತಿತ್ತು. ಮಾತಾಡಿ ತೀರ್ಮಾನಿಸಿದವರ ಕೈ ಮಾತ್ರ ಹೆಚ್ಚುಕಡಿಮೆ ಹಾಗೇ ಓಡುತ್ತಿತ್ತು. ನಾಯಕ ಎದುರಿಗಿದ್ದಾಗ ಜಾಸ್ತಿ ಕೆಲಸ ಆಗಿದ್ದು ಹುಕುಂ ಗುಂಪಿನಲ್ಲೇ. ಅದನ್ನೂ ಹೇಳಬೇಕು, ಅಲ್ವಾ?

1967ರಲ್ಲಿ ಮನಃಶಾಸ್ತ್ರಜ್ಞ ಫ್ರೆಡ್ ಫೀಡ್ಲರ್, ಮನುಷ್ಯನ ಸ್ವಭಾವ ಸುಲಭವಾಗಿ ಬದಲಾಗದು, ಸನ್ನಿವೇಶಕ್ಕೆ ಹೊಂದುವ ನಾಯಕನನ್ನು ಹುಡುಕಿ ಅಂದರು. ಎರಡೇ ವರ್ಷದಲ್ಲಿ ಹರ್ಸಿ ಮತ್ತು ಬ್ಲಾಂಚರ್ಡ್ ತದ್ವಿರುದ್ಧ ಮಾತಾಡಿದರು: ಕೆಲಸಗಾರ ಎಷ್ಟು ಪಳಗಿದ್ದಾನೆ ಅಂತ ನೋಡಿ ನಾಯಕನೇ ಬದಲಾಗಬೇಕು. ತರಬೇತಿ ಶಿಬಿರಗಳಲ್ಲಿ ಇದು ಬಹಳ ಓಡಿತು. ಆದರೆ ಸಂಶೋಧನೆಯ ಬಲ ಅಷ್ಟಾಗಿ ಸಿಗಲಿಲ್ಲ.

ನಂತರ ಜನರಲ್ಲಿ ಹುರುಪು ತುಂಬುವ ‘ಪರಿವರ್ತನೆಯ ನಾಯಕತ್ವ’ದ ಕಾಲ. 1978ರಲ್ಲಿ ಜೇಮ್ಸ್ ಬರ್ನ್ಸ್, 1985ರಲ್ಲಿ ಬರ್ನಾರ್ಡ್ ಬಾಸ್ ಅನ್ನುವ ವಿದ್ವಾಂಸರು ಇದನ್ನು ಬೆಳೆಸಿದರು. ಇದು ಪರಿಣಾಮಕಾರಿ ಅನ್ನುವುದು ನಿಜ. ಆದರೆ 2004ರಲ್ಲಿ ಟಿಮೊಥಿ ಜಡ್ಜ್ ಮತ್ತು ರೊನಾಲ್ಡ್ ಪಿಕೊಲೊ ಅನ್ನುವ ಸಂಶೋಧಕರು ಹಲವು ಅಧ್ಯಯನಗಳನ್ನು ಸೇರಿಸಿ ಲೆಕ್ಕ ಹಾಕಿದಾಗ, ‘ಈ ಕೆಲಸ ಮಾಡಿದರೆ ಈ ಪ್ರತಿಫಲ’ ಅನ್ನುವ ನೇರ ಒಪ್ಪಂದವೂ ಅದರ ಹತ್ತಿರಕ್ಕೇ ಬಂದಿತ್ತು. ಅದೇ ವರ್ಷದ ಇನ್ನೊಂದು ಲೆಕ್ಕದಲ್ಲಿ ಹಳೆಯ ಸಂಶೋಧಕರು ಗುರುತಿಸಿದ್ದ ಎರಡು ಅಂಶಗಳೂ ಗಟ್ಟಿಯಾಗಿ ನಿಂತವು: ಕೆಲಸವನ್ನು ಸ್ಪಷ್ಟವಾಗಿ ಹೇಳುವುದು, ಜೊತೆಗಿರುವವರ ಕಾಳಜಿ ಮಾಡುವುದು. ನನ್ನ ಒಲವು ಇವೆರಡರ ಕಡೆಗೇ.

ವರದಿ ಯಾರಿಗೆ, ಯಾವತ್ತಿಗೆ, ಯಾಕೆ ಬೇಕು ಅಂತ ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟ ಮ್ಯಾನೇಜರ್ ರಜೆ ಹಾಕಲಿ. ಮಧ್ಯಾಹ್ನದ ಹೊತ್ತಿಗೆ ವರದಿ ಹೊರಟಿರುತ್ತದೆ.