ಇಂಗ್ಲಿಷ್ ಬಲ್ಲವರಿಗೆ ಆಫ್ರಿಕಾನ್ಸ್ ಷೇಕ್ಸ್‌ಪಿಯರ್ ಏಕೆ ಬೇಕಾಯಿತು?

ಪ್ರಶ್ನೆ: ದಕ್ಷಿಣ ಆಫ್ರಿಕಾದಲ್ಲಿ ಆಫ್ರಿಕಾನ್ಸ್ ನಾಟಕ ನೋಡುತ್ತಿದ್ದವರಲ್ಲಿ ಬಹಳಷ್ಟು ಜನರಿಗೆ ಇಂಗ್ಲಿಷ್ ಬರುತ್ತಿತ್ತು. ಆದರೂ ಷೇಕ್ಸ್‌ಪಿಯರ್ ನಾಟಕಗಳನ್ನು ಮತ್ತೆ ಮತ್ತೆ ಅನುವಾದಿಸಿ ಆಡಿದ್ದೇಕೆ?

ಉತ್ತರ: ಕಥೆ ತಿಳಿಸುವ ಉದ್ದೇಶವಂತೂ ಇರಲಿಲ್ಲ. ಮೊದಲಿಗೆ ಇದ್ದದ್ದು ಹಟ. ಆಮೇಲೆ ಬಂದ ಕಾರಣಗಳು ಬೇರೆ. ನನಗೆ ಹೆಚ್ಚು ಸ್ವಾರಸ್ಯ ಕಾಣುವುದು ಅವುಗಳಲ್ಲಿಯೇ.

ಹದಿನೇಳನೆಯ ಶತಮಾನದ ಡಚ್ ಭಾಷೆ ಕೇಪ್ ಪ್ರಾಂತ್ಯದಲ್ಲಿ ವಲಸಿಗರ, ಗುಲಾಮರ, ಅಲ್ಲಿನ ಮೂಲನಿವಾಸಿಗಳಾದ ಖೋಯ್ ಜನರ ಬಾಯಲ್ಲಿ ಬದಲಾಗಿ ಆಫ್ರಿಕಾನ್ಸ್ ಆಯಿತು. ಅದು ಅಡುಗೆಮನೆಯ ಡಚ್ ಎಂಬ ಹೀಯಾಳಿಕೆ ಬಹುಕಾಲ ಉಳಿಯಿತು. ಬ್ರಿಟಿಷರಿಗೂ ಆಫ್ರಿಕಾನ್ಸ್ ಮಾತಿನ ಬೋಯರರಿಗೂ ನಡೆದ ಬೋಯರ್ ಯುದ್ಧ 1902ರಲ್ಲಿ ಬೋಯರರ ಸೋಲಿನಲ್ಲಿ ಮುಗಿದ ಮೇಲೆ ಇಂಗ್ಲಿಷ್ ಎಂದರೆ ಗೆದ್ದವರ ಭಾಷೆ. ಆಫ್ರಿಕಾನ್ಸ್‌ಗೆ ಅಧಿಕೃತ ಮಾನ್ಯತೆ ಸಿಕ್ಕಿದ್ದು 1925ರಲ್ಲಿ, ಪೂರ್ಣ ಬೈಬಲ್ ಬಂದದ್ದು 1933ರಲ್ಲಿ. ಬೈಬಲ್ ಆದ ಮೇಲೆ ಉಳಿದ ದೊಡ್ಡ ಪರೀಕ್ಷೆ ಷೇಕ್ಸ್‌ಪಿಯರ್. ಕಾನೂನು ಪ್ರಾಧ್ಯಾಪಕರಾಗಿದ್ದ ಎಲ್. ಐ. ಕೂರ್ಟ್ಸೆ 'ಹ್ಯಾಮ್ಲೆಟ್' ಅನುವಾದಿಸಿದರು. 1947ರಲ್ಲಿ ಆಂದ್ರೆ ಹ್ಯೂಗನೆಟ್ ಆ ಪಾತ್ರ ವಹಿಸಿದರು. ಹ್ಯೂಗನೆಟ್ ಊರೂರು ತಿರುಗಿ, ಸಿಕ್ಕ ಸಭಾಭವನಗಳಲ್ಲಿ ನಾಟಕವಾಡಿ ಹೆಸರು ಮಾಡಿದ ನಟ. ಗೆದ್ದವರ ಮಹಾಕವಿಯನ್ನು ಸೋತವರ ಭಾಷೆಯಲ್ಲಿ ಕೇಳುವುದರಲ್ಲಿ ಸೇಡಿನ ಸುಖವೂ ಸ್ವಲ್ಪ ಇದ್ದಿರಬೇಕು. ಅದೇ ವರ್ಷ ರಾಷ್ಟ್ರೀಯ ರಂಗಸಂಸ್ಥೆ ಹುಟ್ಟಿತು. ಎರಡೂ ಭಾಷೆಗಳಲ್ಲಿ ನಾಟಕ ಆಡಿಸುವುದು ಅದರ ಕೆಲಸ. ಮರುವರ್ಷ ನ್ಯಾಷನಲ್ ಪಾರ್ಟಿ ಅಧಿಕಾರ ಹಿಡಿಯಿತು, ವರ್ಣಭೇದ ನೀತಿ ಸರ್ಕಾರದ ನೀತಿಯಾಯಿತು.

ಎರಡನೆಯ ಕಾರಣ ಹೊರಗಿನಿಂದ ಬಂತು. ಪ್ರೇಕ್ಷಕರನ್ನು ಬಣ್ಣ ನೋಡಿ ಬೇರ್ಪಡಿಸುವ ರಂಗಮಂದಿರಗಳಿಗೆ ತಮ್ಮ ನಾಟಕ ಕೊಡುವುದಿಲ್ಲವೆಂದು 1963ರಲ್ಲಿ ಸ್ಯಾಮ್ಯುಯೆಲ್ ಬೆಕೆಟ್, ಆರ್ಥರ್ ಮಿಲ್ಲರ್ ಸೇರಿದಂತೆ ಹಲವು ನಾಟಕಕಾರರು ಘೋಷಿಸಿದರು. ಸರ್ಕಾರ ಪ್ರಾಂತ್ಯಕ್ಕೊಂದರಂತೆ ನಾಲ್ಕು ಪ್ರದರ್ಶನ ಕಲಾ ಮಂಡಳಿಗಳನ್ನು ಆರಂಭಿಸಿದ್ದೂ ಅದೇ ವರ್ಷ. ಹಣವಿತ್ತು, ರಂಗಮಂದಿರಗಳಿದ್ದವು, ಸಮಕಾಲೀನ ವಿದೇಶಿ ನಾಟಕಗಳ ಹಕ್ಕು ಮಾತ್ರ ಸಿಗುವುದು ಕಷ್ಟವಾಯಿತು. ಸತ್ತ ಕವಿಗಳು ಬಹಿಷ್ಕಾರ ಹಾಕುವುದಿಲ್ಲವಲ್ಲ! ಷೇಕ್ಸ್‌ಪಿಯರ್, ಚೆಕಾಫ್, ಇಬ್ಸೆನ್ ಯಾರ ಅನುಮತಿಯನ್ನೂ ಬೇಡುತ್ತಿರಲಿಲ್ಲ. ಕವಿ ಊಯ್ಸ್ ಕ್ರೀಗೆ 'ಟ್ವೆಲ್ಫ್ತ್ ನೈಟ್' ಮತ್ತು 'ಕಿಂಗ್ ಲಿಯರ್' ಅನುವಾದಿಸಿದರು. ಕಾದಂಬರಿಕಾರ ಆಂದ್ರೆ ಬ್ರಿಂಕ್ 'ಮೂರನೆಯ ರಿಚರ್ಡ್', 'ರೋಮಿಯೋ ಜೂಲಿಯಟ್', ಚೆಕಾಫ್‌ನ 'ಸೀಗಲ್', ಇಬ್ಸೆನ್‌ನ 'ಹೆಡ್ಡಾ ಗಾಬ್ಲರ್' ಎಲ್ಲವನ್ನೂ ತಂದರು.

ಮೂರನೆಯ ಕಾರಣ ತಿಳಿಯಲು 1970ರ 'ಟೈಟಸ್ ಆಂಡ್ರಾನಿಕಸ್' ಒಂದೇ ಸಾಕು. ಅನುವಾದಕ, ಆಫ್ರಿಕಾನ್ಸ್ ಕವಿ ಬ್ರೇಟನ್ ಬ್ರೇಟನ್‌ಬಾಖ್, ಆಗ ಪ್ಯಾರಿಸ್‌ನಲ್ಲಿದ್ದರು. ಅವರ ಹೆಂಡತಿ ವಿಯೆಟ್ನಾಂ ಮೂಲದವರು. ಬಿಳಿಯರು ಬಿಳಿಯರಲ್ಲದವರನ್ನು ಮದುವೆಯಾಗುವುದನ್ನು 1949ರ ಕಾನೂನು ನಿಷೇಧಿಸಿತ್ತು. ಹಾಗಾಗಿ ಹೆಂಡತಿಯೊಂದಿಗೆ ಊರಿಗೆ ಬಂದು ಬಾಳುವ ದಾರಿಯೇ ಅವರಿಗಿರಲಿಲ್ಲ. ಇನ್ನು ನಾಟಕದ ವಸ್ತು ನೋಡಿ: ಗಾತ್ ರಾಣಿ ಟಮೋರಾ ಮತ್ತು ಕಪ್ಪು ಬಣ್ಣದ, ಮೂರ್ ಜನಾಂಗದ ಏರನ್ ನಡುವೆ ಸಂಬಂಧ, ಅವರಿಗೊಂದು ಕಪ್ಪು ಮಗು. ಆ ಮಗುವನ್ನು ಕೊಲ್ಲಲು ಬಂದವರ ಮುಂದೆ ಏರನ್ ಕತ್ತಿ ಹಿಡಿದು, ಕಪ್ಪು ಬಣ್ಣಕ್ಕೇನು ಕೊರತೆ ಎಂದು ಕೇಳುತ್ತಾನೆ. ಜರ್ಮನ್ ನಿರ್ದೇಶಕ ಡೀಟರ್ ರೈಬ್ಲೆ ಅದನ್ನು ಕೇಪ್‌ಟೌನ್‌ನಲ್ಲಿ, ಸರ್ಕಾರಿ ಅನುದಾನದ ಮಂಡಳಿಗಾಗಿ ಆಡಿಸಿದರು. ಆ ಕಾಲದ ಆಫ್ರಿಕಾನ್ಸ್ ಲೇಖಕರೊಬ್ಬರು ಇದೇ ಕಥೆಯನ್ನು ಕೇಪ್‌ಟೌನಿನ ಒಂದು ಮನೆಯಲ್ಲಿ ನಡೆದಂತೆ ಬರೆದಿದ್ದರೆ ಸರ್ಕಾರಿ ವೇದಿಕೆ ಸಿಗುತ್ತಿತ್ತು ಎಂದು ನನಗನಿಸುವುದಿಲ್ಲ. ಷೇಕ್ಸ್‌ಪಿಯರ್ ಹೆಸರಿನ ಮರೆಯಲ್ಲಿ ಸಿಕ್ಕಿತು. ಐದು ವರ್ಷಗಳ ಬಳಿಕ ಗುಟ್ಟಾಗಿ ದೇಶಕ್ಕೆ ಬಂದ ಬ್ರೇಟನ್‌ಬಾಖ್ ಬಂಧನಕ್ಕೊಳಗಾಗಿ ಏಳು ವರ್ಷ ಸೆರೆಯಲ್ಲಿದ್ದರು.

ಈ ಧೈರ್ಯಕ್ಕೂ ಮಿತಿಯಿತ್ತು ಎನ್ನದೆ ಇರಲಾಗದು. 1971ರಲ್ಲಿ ಕೇಪ್‌ಟೌನ್‌ನಲ್ಲಿ ತೆರೆದ ಭವ್ಯ ನಿಕೋ ಮಲಾನ್ ರಂಗಮಂದಿರಕ್ಕೆ 1975ರವರೆಗೆ ಬಿಳಿಯರಿಗಷ್ಟೇ ಪ್ರವೇಶ. ಆಫ್ರಿಕಾನ್ಸ್ ಅನ್ನು ಮನೆಮಾತಾಗಿ ಆಡುವ ಕೇಪ್‌ನ ಲಕ್ಷಾಂತರ 'ಕಲರ್ಡ್' (ಮಿಶ್ರ ಮೂಲದ) ಜನ ತಮ್ಮದೇ ಭಾಷೆಯ ನಾಟಕಕ್ಕೆ ಅಲ್ಲಿ ಕಾಲಿಡುವಂತಿರಲಿಲ್ಲ. ಅದೇ 1971ರಲ್ಲಿ ಬ್ರಿಂಕ್ 'ಕಾಮಿಡಿ ಆಫ್ ಎರರ್ಸ್' ಅನ್ನು ಆ ಜನರ ಆಡುನುಡಿಗೆ ರೂಪಾಂತರಿಸಿ ಪ್ರಕಟಿಸಿದರು. ಜೀವಂತ ನುಡಿ ಎಂಬುದು ನಿಜ. ಆದರೆ ಅದನ್ನು ಹಾಸ್ಯನಾಟಕಕ್ಕೇ ಆರಿಸಿಕೊಂಡದ್ದು ನನಗೆ ಅಷ್ಟು ಒಪ್ಪಿಗೆಯಾಗುವುದಿಲ್ಲ.

1994ರಲ್ಲಿ ವರ್ಣಭೇದದ ಆಳ್ವಿಕೆ ಕೊನೆಗೊಂಡ ನಂತರ ಸರ್ಕಾರಿ ಮಂಡಳಿಗಳ ಹಣ ಬತ್ತಿತು. ಆಫ್ರಿಕಾನ್ಸ್ ನಾಟಕ ಔಡ್ಸ್‌ಹೋರ್ನ್‌ನಂಥ ಊರುಗಳ ಕಲಾ ಉತ್ಸವಗಳಿಗೆ ಸರಿಯಿತು. ಬೆಲ್ಜಿಯಂನ ಡಚ್ ಮಾತಿನ (ಫ್ಲೆಮಿಶ್) ಲೇಖಕ ಟಾಮ್ ಲನೋಯೆ ಅವರ 'ಮಮ್ಮಾ ಮೆಡೆಯಾ' ನಾಟಕವನ್ನು ಕವಿ ಆಂಟ್ಯೆ ಕ್ರೋಖ್ ಅನುವಾದಿಸಿದ್ದು ಈ ಹೊಸ ಕಾಲದಲ್ಲಿ. ಇನ್ನು 'ಟೈಟಸ್' 1995ರಲ್ಲಿ ಜೊಹಾನ್ಸ್‌ಬರ್ಗ್‌ನ ಮಾರ್ಕೆಟ್ ಥಿಯೇಟರ್‌ಗೆ ಬಂತು, ಈ ಸಲ ಇಂಗ್ಲಿಷ್‌ನಲ್ಲಿ. ಟೈಟಸ್ ಆಗಿದ್ದ ಆಂಟನಿ ಶೇರ್ ಅಚ್ಚ ಆಫ್ರಿಕಾನರ್ (ಆಫ್ರಿಕಾನ್ಸ್ ಮಾತಿನ ಬಿಳಿಯರ) ಉಚ್ಚಾರಣೆಯಲ್ಲಿ ಮಾತನಾಡಿದರು. ಷೇಕ್ಸ್‌ಪಿಯರ್‌ನನ್ನು ಹೀಗೆ ಉಚ್ಚರಿಸುವುದೇ ಎಂದು ಮೂಗು ಮುರಿದವರಲ್ಲಿ ಇಂಗ್ಲಿಷ್ ಮಾತಿನ ಬಿಳಿಯ ಪ್ರೇಕ್ಷಕರಿದ್ದರು.