ಮೂವರ್ ಹೊಗೆ ಕಾರಿದರೆ ಮೊದಲು ಡಿಪ್‌ಸ್ಟಿಕ್ ನೋಡಿ
ಹುಲ್ಲು ಕತ್ತರಿಸುವ ಮೂವರ್‌ನ ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದ ಕೂಡಲೇ ‘ರಿಂಗ್ ಹೋಯ್ತು’ (ಪಿಸ್ಟನ್ ಸುತ್ತಲಿನ ಉಂಗುರ ಸವೆಯಿತು) ಎಂದು ಎಂಜಿನ್ ಬಿಚ್ಚಿಸಬೇಡಿ. ಬಣ್ಣಕ್ಕಿಂತಲೂ ಹೊಗೆ ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂಬುದು ಮುಖ್ಯ. ಗಾಳಿಯಿಂದ ತಣಿಯುವ ಈ ಎಂಜಿನ್‌ಗೆ ತಣಿಸುವ ದ್ರವವೇ (ಕೂಲಂಟ್) ಇಲ್ಲ. ಹಾಗಾಗಿ ದಟ್ಟ ಬಿಳಿ ಹೊಗೆಯೂ ಹೆಚ್ಚಾಗಿ ಆಯಿಲ್ ಸುಟ್ಟದ್ದೇ.

ಬ್ಲೇಡ್ ತೊಳೆಯಲು ಮೂವರನ್ನು ಕಾರ್ಬುರೇಟರ್ ಕೆಳಗಾಗುವಂತೆ ಮಲಗಿಸಿದ್ದರೆ, ಆಯಿಲ್ ಬ್ರೀದರ್ (ಎಂಜಿನ್ ಒಳಗಿನ ಒತ್ತಡ ಹೊರಬಿಡುವ ದಾರಿ) ಮೂಲಕ ಏರ್ ಫಿಲ್ಟರ್‌ಗೆ ಹರಿದಿರುತ್ತದೆ. ಆಯಿಲ್ ಕುಡಿದ ಪೇಪರ್ ಫಿಲ್ಟರ್ ಬದಲಿಸಿ, ಬಯಲಲ್ಲಿ ಹತ್ತು ನಿಮಿಷ ಓಡಿಸಿ. ಹೊಗೆ ತೆಳುವಾಗುತ್ತ ಹೋದರೆ ಅಲ್ಲಿಗೆ ಮುಗಿಯಿತು.

ವಾಲಿಸಿಲ್ಲವೇ? ಸಮತಟ್ಟು ನೆಲದಲ್ಲಿ, ತಣ್ಣಗಿನ ಎಂಜಿನ್‌ನ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ಒರೆಸಿ ನೋಡಿ. ತಳ್ಳುವ ಮೂವರ್‌ಗಳು ಸಾಮಾನ್ಯವಾಗಿ ಅರ್ಧ ಲೀಟರ್ ಆಸುಪಾಸು ಆಯಿಲ್ ಹಿಡಿಯುತ್ತವೆ. ಅಷ್ಟಕ್ಕೆ 100 ಮಿ.ಲೀ. ಹೆಚ್ಚಾದರೂ ಹೊಗೆ ಬರಬಹುದು. ಗೆರೆಯಷ್ಟಕ್ಕೆ ಇಳಿಸಿ. ಡಿಪ್‌ಸ್ಟಿಕ್ ಮೂಸಿಯೂ ನೋಡಿ. ಆಯಿಲ್ ನೀರಿನಂತೆ ತೊಟ್ಟಿಕ್ಕುತ್ತಿದ್ದು ಪೆಟ್ರೋಲ್ ವಾಸನೆ ಹೊಡೆದರೆ ಎಂಜಿನ್ ಚಾಲು ಮಾಡಲೇಬೇಡಿ. ಕಾರ್ಬುರೇಟರ್‌ನ ಫ್ಲೋಟ್ ನೀಡಲ್ (ಪೆಟ್ರೋಲ್ ಹರಿವು ನಿಲ್ಲಿಸುವ ಸೂಜಿ) ಸರಿಯಾಗಿ ಮುಚ್ಚದೆ ಪೆಟ್ರೋಲ್ ಸೋರಿ ಕ್ರ್ಯಾಂಕ್‌ಕೇಸ್ (ಎಂಜಿನ್‌ನಲ್ಲಿ ಆಯಿಲ್ ಇರುವ ಭಾಗ) ಸೇರಿದೆ ಎಂದರ್ಥ. ಬರೀ ಆಯಿಲ್ ಬದಲಿಸಿದರೆ ಮತ್ತೆ ಅದೇ ಕಥೆ. ಮೊದಲು ನೀಡಲ್, ಅದರ ಸೀಟು ಸರಿಪಡಿಸಿ, ಆಮೇಲೆ ಹೊಸ ಆಯಿಲ್ ಹಾಕಿ. ತೆಳುವಾದ ಆಯಿಲ್‌ನಲ್ಲಿ ಓಡಿಸಿದರೆ ಕನೆಕ್ಟಿಂಗ್ ರಾಡ್ ತಿಂದುಹೋಗುತ್ತದೆ. ಹೊಗೆಗಿಂತ ಅದು ದೊಡ್ಡ ನಷ್ಟ.

ಕಪ್ಪು ಹೊಗೆಗೆ ಆಯಿಲ್ ಕಾರಣವಲ್ಲ, ಪೆಟ್ರೋಲ್ ಹೆಚ್ಚಾಗಿದೆ: ಚೋಕ್ ಪೂರ್ತಿ ತೆರೆಯುತ್ತಿಲ್ಲ, ಇಲ್ಲವೇ ಏರ್ ಫಿಲ್ಟರ್ ಕಟ್ಟಿಕೊಂಡಿದೆ.

ಆಯಿಲ್ ಮಟ್ಟ ಸರಿಯಿದ್ದೂ ನೀಲಿ ಹೊಗೆ ನಿಲ್ಲದಿದ್ದರೆ ಬ್ರೀದರ್ ವಾಲ್ವ್ ಪರೀಕ್ಷಿಸಿ. ಅದೂ ಸರಿಯಿದ್ದರೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್‌ಗೂ ಅದರ ಮುಚ್ಚಳವಾದ ಹೆಡ್‌ಗೂ ನಡುವಿನ ಸೀಲು) ಅಥವಾ ರಿಂಗ್. ಓವರ್‌ಹೆಡ್ ವಾಲ್ವ್ ಎಂಜಿನ್‌ನಲ್ಲಿ (ವಾಲ್ವ್‌ಗಳು ಹೆಡ್‌ನಲ್ಲೇ ಇರುವಂಥದ್ದು) ಗ್ಯಾಸ್ಕೆಟ್ ಪುಶ್‌ರಾಡ್ (ವಾಲ್ವ್ ತೆರೆಸುವ ಸರಳು) ಬದಿಗೆ ಸುಟ್ಟರೆ ಸಿಲಿಂಡರ್ ಒತ್ತಡ ಕ್ರ್ಯಾಂಕ್‌ಕೇಸ್‌ಗೆ ನುಗ್ಗಿ ಆಯಿಲನ್ನು ಬ್ರೀದರ್‌ನಿಂದ ಹೊರದಬ್ಬುತ್ತದೆ. ನೋಡುವವರಿಗೆ ರಿಂಗ್ ಸವೆದಂತೆಯೇ ಕಾಣುತ್ತದೆ. ಲೀಕ್‌ಡೌನ್ ಪರೀಕ್ಷೆಯಲ್ಲೂ (ಸಿಲಿಂಡರ್‌ಗೆ ಗಾಳಿ ತುಂಬಿ ಎಲ್ಲಿ ಸೋರುತ್ತದೆ ಎಂದು ನೋಡುವುದು) ಎರಡಕ್ಕೂ ಗಾಳಿ ಆಯಿಲ್ ಹಾಕುವ ಬಾಯಿಂದಲೇ ಬರುತ್ತದೆ. ಆದ್ದರಿಂದ ಮೊದಲು ಹೆಡ್ ಬಿಚ್ಚಿ. ಗ್ಯಾಸ್ಕೆಟ್‌ನಲ್ಲಿ ಸಿಲಿಂಡರ್ ತೂತಿಗೂ ಪುಶ್‌ರಾಡ್ ಕಿಂಡಿಗೂ ನಡುವಿನ ಕಿರಿದಾದ ಪಟ್ಟಿ ಕರಕಲಾಗಿ ಹರಿದಿದ್ದರೆ ಹೊಸ ಗ್ಯಾಸ್ಕೆಟ್ ಹಾಕಿ, ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಿಂದ (ಬಿಗಿಯುವ ಬಲ ಅಳೆಯುವ ಸ್ಪ್ಯಾನರ್) ಹಂತಹಂತವಾಗಿ ಬಿಗಿಯಿರಿ. ಆ ಪಟ್ಟಿ ಹಾಗೇ ಇದ್ದು ಸಿಲಿಂಡರ್ ಗೋಡೆಯಲ್ಲಿ ಉಗುರಿಗೆ ಸಿಗುವ ಗೀರುಗಳಿದ್ದರೆ ಮಾತ್ರ ಪಿಸ್ಟನ್‌ಗೆ ಕೈಹಾಕಿ.